ಎರಡಕ್ಕಿಂತ ಹೆಚ್ಚಿಲ್ಲ, ಡಾಕ್ಟ್ರೇ

ಸಿಡ್ನಿ
21 ಮಾರ್ಚ್ 1965

ಪ್ರಿಯ ಎನಿಡ್,

ಕ್ರಿಸ್‌ಮಸ್ ಆದ ಮೇಲೆ ಈಗಲೇ ನಿನಗೆ ಕಾಗದ ಬರೆಯುತ್ತಿರುವುದು. ಕೆಲಸ ಬಿದ್ದಾಗ ಮಾತ್ರ ಇವನಿಗೆ ಅಕ್ಕನ ನೆನಪಾಗುತ್ತದೆ ಎಂದು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀಯ. ಅಂದುಕೋ. ಕೆಲಸವೇ ಬಿದ್ದಿದೆ.

ನಿಮ್ಮ ಶರ್ಟ್ ಕಾರ್ಖಾನೆಯ ಹೆಂಗಸರು ಬೆಳಗಿನ ಟೀ ಜೊತೆ ಬಿಸ್ಕತ್ತಿನ ಹಾಗೆ ತಿನ್ನುವ ತಲೆನೋವಿನ ಪುಡಿ ಇದೆಯಲ್ಲ, ಹಳದಿ ಪೊಟ್ಟಣದ್ದು, ಅದರ ವಿಷಯ. ಅದರಲ್ಲಿ ಮೂರು ಮದ್ದುಗಳಿವೆ: ಆಸ್ಪಿರಿನ್, ಫಿನಾಸಿಟಿನ್, ಮತ್ತೆ ಕಾಫಿಯಲ್ಲಿರುವ ಕೆಫೀನ್. ಮದ್ದು ಮೂರಾದರೆ ಗುಣವೂ ಮೂರು ಪಟ್ಟು ಎನ್ನುವುದು ಮಾರುವವರ ಲೆಕ್ಕ. ಮೂವರು ಕುಡುಕರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡ ಮಾತ್ರಕ್ಕೆ ಯಾರಾದರೂ ನೆಟ್ಟಗೆ ನಡೆದದ್ದುಂಟೆ? ಆದರೆ ಈ ದೇಶಕ್ಕೆ ದೇಶವೇ ಅದನ್ನು ನಂಬಿ ಚಪ್ಪರಿಸುತ್ತಿದೆ.

ನನ್ನ ವಾರ್ಡಿನಲ್ಲಿ ಮೂತ್ರಪಿಂಡ ಕೆಟ್ಟ ಹೆಂಗಸರು ತುಂಬಿದ್ದಾರೆ. ಹೆಚ್ಚಿನವರು ನಲವತ್ತು ದಾಟಿದವರು, ಕಾರ್ಖಾನೆಯವರು. ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ, ದಿನಕ್ಕೆ ಎಷ್ಟು ಪುಡಿ? ಎಲ್ಲರದ್ದೂ ಒಂದೇ ಉತ್ತರ, ‘ಎರಡಕ್ಕಿಂತ ಹೆಚ್ಚಿಲ್ಲ, ಡಾಕ್ಟ್ರೇ.’ ಆ ಮಾತು ಮುಗಿಯುವಷ್ಟರಲ್ಲಿ ನರ್ಸ್ ಅವರ ಕೈಚೀಲವನ್ನು ತಲೆಕೆಳಗು ಮಾಡಿರುತ್ತಾಳೆ, ಹಾಸಿಗೆಯ ತುಂಬ ಹಳದಿ ಪೊಟ್ಟಣ. ಸಾಯುವ ಹೊತ್ತಿನಲ್ಲೂ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುವವರನ್ನು ಕಂಡರೆ ನನಗೆ ಕನಿಕರ ಬರುವುದಿಲ್ಲ, ಮೈ ಉರಿಯುತ್ತದೆ.

ಕೆಡಿಸುತ್ತಿರುವುದು ಫಿನಾಸಿಟಿನ್ ಎಂದು ನನ್ನ ಗುಮಾನಿ. ಬರಿಯ ಆಸ್ಪಿರಿನ್ನೇ ಈ ಮೂರೂ ಸೇರಿದಷ್ಟು ಕೆಲಸ ಮಾಡುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಿಬಿಟ್ಟರೆ, ಉಳಿದೆರಡಕ್ಕೆ ಪೊಟ್ಟಣದಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೆ ನನಗೆ ತಲೆನೋವಿನ ಹೆಂಗಸರು ರಾಶಿಗಟ್ಟಲೆ ಬೇಕು. ಅರ್ಧ ಜನಕ್ಕೆ ಮೂರರ ಪುಡಿ, ಅರ್ಧ ಜನಕ್ಕೆ ಬರಿಯ ಆಸ್ಪಿರಿನ್, ಎರಡೂ ಒಂದೇ ಥರದ ಬಿಳಿ ಪೊಟ್ಟಣದಲ್ಲಿ. ಒಂದು ಗಂಟೆ ಬಿಟ್ಟು ನೋವು ಹೋಯಿತೇ ಎಂದು ಕೇಳಿ ಬರೆದುಕೊಳ್ಳುವುದು, ಅಷ್ಟೇ ಕೆಲಸ. ಇಷ್ಟನ್ನು ನೀನು ಮಾಡಿಸಬಲ್ಲೆ.

ನಿನ್ನ ತಮ್ಮ,
ಮರ್ವಿನ್


ಇಪ್ಸ್‌ವಿಚ್, ಕ್ವೀನ್ಸ್‌ಲ್ಯಾಂಡ್
4 ಏಪ್ರಿಲ್

ಮರ್ವಿನ್,

‘ತಲೆನೋವಿನ ಹೆಂಗಸರು ರಾಶಿಗಟ್ಟಲೆ’ ಎಂದು ಸಂತೆಯಲ್ಲಿ ಕುಂಬಳಕಾಯಿ ಕೇಳಿದ ಹಾಗೆ ಕೇಳಿದ್ದೀಯ. ಇದ್ದಾರೆ. ನನ್ನ ಕೈಕೆಳಗೆ ಹೊಲಿಯುವವರು ಅರವತ್ತು ಜನ, ಅರವತ್ತು ಮಷೀನು, ಮೇಲೆ ತಗಡಿನ ಸೂರು. ತಲೆ ನೋಯದವಳು ಒಬ್ಬಳಿದ್ದಾಳೆ, ಅವಳಿಗೆ ಎರಡೂ ಕಿವಿ ಕೇಳುವುದಿಲ್ಲ.

ಮ್ಯಾನೇಜರರನ್ನು ಕೇಳಿದೆ. ‘ಸಿಡ್ನಿ ಡಾಕ್ಟ್ರಾ? ಏನಾದ್ರೂ ಮಾಡ್ಕೊಳ್ಲಿ. ಮಷೀನ್ ನಿಲ್ಬಾರ್ದು, ಅಷ್ಟೇ’ ಎಂದರು. ಆ ಮನುಷ್ಯನ ಹೃದಯವನ್ನು ಕುಯ್ದು ನೋಡಿದರೆ ಒಳಗೆ ಶರ್ಟಿನ ಗುಂಡಿ ಸಿಕ್ಕೀತು.

ನಮ್ಮ ಹೆಂಗಸರನ್ನು ನಾನೇನೂ ದೇವತೆಗಳೆಂದು ತಿಳಿದಿಲ್ಲ. ಕಾಲರ್ ಹೊಲಿಯಲು ಕೂರಿಸಿದರೆ ತಲೆನೋವು, ಶುಕ್ರವಾರ ಸಂಜೆ ಡಾನ್ಸ್ ಇದ್ದರೆ ಆ ನೋವು ಎತ್ತ ಹೋಯಿತೋ. ಆದರೆ ಅವರನ್ನು ಬೈಯುವ ಹಕ್ಕು ನನ್ನದು. ಮೇಲ್ವಿಚಾರಕಿಯಾಗಿ ಹತ್ತೊಂಬತ್ತು ವರ್ಷ ಅವರ ನಡುವೆ ನಿಂತು ಗಳಿಸಿದ ಹಕ್ಕು. ನೀನು ಸಿಡ್ನಿಯಲ್ಲಿ ಕೂತು ಅದನ್ನು ಬಿಟ್ಟಿ ಬಳಸಬೇಡ.

ಕಳಿಸು ನಿನ್ನ ಪೊಟ್ಟಣಗಳನ್ನು. ನನ್ನ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ಚೆನ್ನಾಗಿದ್ದೇನೆ. ಸ್ವಲ್ಪ ಆಯಾಸ. ಎಷ್ಟು ಟೀ ಕುಡಿದರೂ ಬಾಯಾರಿಕೆ ಮಾತ್ರ ಹೋಗುವುದಿಲ್ಲ, ಈ ವರ್ಷದ ಬಿಸಿಲು ಹಾಗಿದೆ.

ಎನಿಡ್


ಸಿಡ್ನಿ
2 ಮೇ

ಪ್ರಿಯ ಎನಿಡ್,

ಪೆಟ್ಟಿಗೆ ರೈಲಿನಲ್ಲಿ ಬರುತ್ತಿದೆ. ಪೊಟ್ಟಣಗಳ ಮೇಲೆ ಹೆಂಗಸಿನ ಹೆಸರು ಮಾತ್ರ ಇದೆ. ಯಾವ ಹೆಸರಿಗೆ ಯಾವ ಮದ್ದು ಎನ್ನುವುದು ನಮ್ಮ ಔಷಧದ ಅಂಗಡಿಯವನಿಗೆ ಮಾತ್ರ ಗೊತ್ತು. ನಿನಗೂ ಗೊತ್ತಾಗಬಾರದು, ನುಂಗುವವಳಿಗೂ ಗೊತ್ತಾಗಬಾರದು. ಈ ಕುರುಡೇ ಪರೀಕ್ಷೆಯ ಪ್ರಾಣ. ಗೊತ್ತಾದರೆ ನೋವಿನ ಮಾತು ಬಿಟ್ಟು ತಮ್ಮ ನಂಬಿಕೆಯ ಮಾತು ಆಡತೊಡಗುತ್ತಾರೆ.

ಅರ್ಧ ಲೋಟ ನೀರಿಗೆ ಪುಡಿ ಹಾಕಿ, ಕಲಕಿ ಕೊಡು. ಪರೀಕ್ಷೆ ಮುಗಿಯುವ ತನಕ ಬೇರೆ ಯಾವ ಪುಡಿಯನ್ನೂ ಅವರು ಮುಟ್ಟಕೂಡದು. ಒಬ್ಬರಿಗೊಬ್ಬರು ಇದರ ಬಗ್ಗೆ ಮಾತಾಡಲು ಬಿಡಬೇಡ. ಅವರು ಯೋಚನೆ ಮಾಡಬೇಕಾಗಿಲ್ಲ, ನುಂಗಿದರೆ ಸಾಕು. ಅದೊಂದನ್ನು ಅವರು ಚೆನ್ನಾಗಿ ಕಲಿತಿದ್ದಾರೆ.

ಕ್ವೀನ್ಸ್‌ಲ್ಯಾಂಡಿನ ಬಿಸಿಲಿಗೆ ಬಾಯಾರದೆ ಇನ್ನೇನಾದೀತು? ಟೀ ಕಡಿಮೆ ಮಾಡು.

ಮರ್ವಿನ್


ಇಪ್ಸ್‌ವಿಚ್
30 ಮೇ

ಮರ್ವಿನ್,

ನಿನ್ನ ಪರೀಕ್ಷೆ ಶುರುವಾಗಿ ಎರಡು ವಾರವಾಯಿತು. ಇದರ ಜೊತೆ ಮೊದಲ ಕಂತಿನ ಉತ್ತರಗಳಿವೆ.

ಪರೀಕ್ಷೆ ಏನೆಂದು ಟೀ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ. ತೋಳು ಕೂಡಿಸುವ ಸಾಲಿನಲ್ಲಿ ಬೆರಿಲ್ ಶುಲ್ಟ್ಸ್ ಎಂಬವಳಿದ್ದಾಳೆ. ಬಾಯಿಗೆ ಬೀಗವಿಲ್ಲ, ಬಾಗಿಲೂ ಇಲ್ಲ.

‘ನಿಮ್ ತಮ್ಮ ನಮ್ಮನ್ನ ಏನಂದ್ಕೊಂಡಿದಾರೆ ಮಿಸ್ ಪ್ರಾಸರ್, ಇಲಿ ಅಂತಾನಾ?’ ಎಂದಳು.

‘ಇಲಿಗೆ ಯಾರೂ ಟೀ ಕೊಡಲ್ಲ. ಸುಮ್ನೆ ತಗೋ’ ಎಂದೆ.

‘ಅವರಿಗೆ ಯಾವತ್ತಾದ್ರೂ ತಲೆ ನೋವು ಬಂದಿದ್ಯಾ?’

‘ತಲೆ ಇದ್ದೋರಿಗೆಲ್ಲಾ ಬರುತ್ತೆ.’

‘ಹಂಗಾದ್ರೆ ನಮ್ ಮ್ಯಾನೇಜರ್ರು ಪುಣ್ಯವಂತ್ರು’ ಎಂದಳು. ಇಡೀ ಸಾಲು ನಕ್ಕಿತು. ನಾನು ನಗಲಿಲ್ಲ. ನಕ್ಕರೆ ಮೇಲ್ವಿಚಾರಕಿಯ ಕೆಲಸ ನಡೆಯುವುದಿಲ್ಲ.

ಅವಳ ಪಕ್ಕದ ನೋರೀನ್ ಡಗನ್ ಬಾಯಿ ಸತ್ತವಳು. ನಾಲ್ಕು ಮಕ್ಕಳು, ಗಂಡ ಕಲ್ಲಿದ್ದಲ ಗಣಿಯಲ್ಲಿ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದಾನೆ. ‘ನಂದು ಒಳ್ಳೇದಾ ಸಪ್ಪೇದಾ, ಅದಷ್ಟು ಹೇಳ್ಬಿಡಿ ಮಿಸ್’ ಎಂದು ನನ್ನ ಹಿಂದೆ ಹಿಂದೆ ಬಂದಳು. ನನಗೇ ಗೊತ್ತಿಲ್ಲ ಎಂದರೆ ನಂಬಲಿಲ್ಲ. ಅವಳ ಪ್ರಪಂಚದಲ್ಲಿ ಮೇಲ್ವಿಚಾರಕಿಗೆ ಗೊತ್ತಿಲ್ಲದ್ದು ಇರುವುದೇ ಇಲ್ಲ.

ಉಳಿದಂತೆ ಎಲ್ಲ ಸರಿಯಾಗಿ ನಡೆಯುತ್ತಿದೆ. ಮೊನ್ನೆ ಬೆರಿಲ್ ನನ್ನ ಮುಖ ನೋಡಿ, ‘ಹಳೇ ಪಿಯಾನೋ ಕೀ ಥರ ಹಳದಿಯಾಗಿದೀರಲ್ಲ’ ಎಂದಳು. ಎರಡು ದಿನ ಅವಳನ್ನು ಕಾಲರ್ ಹೊಲಿಯಲು ಹಾಕಿದೆ. ಈಗ ನನ್ನ ಬಣ್ಣ ಅವಳಿಗೆ ಚೆನ್ನಾಗಿ ಕಾಣುತ್ತಿದೆಯಂತೆ.

ಎನಿಡ್


ಸಿಡ್ನಿ
18 ಜುಲೈ

ಪ್ರಿಯ ಎನಿಡ್,

ಉತ್ತರಗಳು ತಲುಪುತ್ತಿವೆ. ಉತ್ತರದ ಪಕ್ಕದಲ್ಲಿ ‘ಇವಳು ಸೋಮಾರಿ’, ‘ಇವಳ ಗಂಡನಿಗೆ ಕೊಡಬೇಕು ಪುಡಿ’ ಎಂದೆಲ್ಲ ಗೀಚಬೇಡ. ನನ್ನ ಪ್ರೊಫೆಸರರೂ ಅವನ್ನು ಓದುತ್ತಾರೆ.

ಮೊನ್ನೆ ಪುಡಿ ಕಂಪೆನಿಯ ಮನುಷ್ಯನೊಬ್ಬ ನನ್ನನ್ನು ನೋಡಲು ಬಂದಿದ್ದ. ಮೈಯೆಲ್ಲ ಅತ್ತರು, ಮುಖವೆಲ್ಲ ಹಲ್ಲು. ‘ನಮ್ಮ ಪುಡೀನ ಅಜ್ಜಿಯಂದ್ರು ತಿಂತಾರೆ ಡಾಕ್ಟ್ರೇ, ಕೂಸಿನ ತಾಯಂದ್ರು ತಿಂತಾರೆ. ಒಂದ್ ಕಂಪ್ಲೇಂಟ್ ಇಲ್ಲ’ ಎಂದ. ‘ಹೌದು, ಸತ್ತೋರು ಕಂಪ್ಲೇಂಟ್ ಮಾಡಲ್ಲ’ ಎಂದೆ. ಅದಕ್ಕೂ ನಕ್ಕ. ಮೂರೂ ಬಿಟ್ಟವರು ಊರಿಗೇ ದೊಡ್ಡವರು ಎನ್ನುವುದು ಸುಳ್ಳಲ್ಲ. ಅವನು ತಂದಿಟ್ಟುಹೋದ ಹಣ್ಣಿನ ಬುಟ್ಟಿಯನ್ನು ವಾರ್ಡಿನವರಿಗೆ ಹಂಚಿಸಿದೆ. ಹಣ್ಣು ತಿನ್ನುವ ಸ್ಥಿತಿಯಲ್ಲಿ ಇದ್ದವರಿಗೆ.

ಈ ವಾರ ಒಬ್ಬಳು ತೀರಿಕೊಂಡಳು. ಉಪ್ಪಿನಕಾಯಿ ಕಾರ್ಖಾನೆಯವಳು. ಆ ಮುಖ ಯಾರದ್ದನ್ನೋ ನೆನಪಿಗೆ ತಂದಿತು. ಇರಲಿ, ನನಗೂ ನಿದ್ದೆ ಕಡಿಮೆಯಾಗಿದೆ.

ಮರ್ವಿನ್


ಇಪ್ಸ್‌ವಿಚ್
22 ಆಗಸ್ಟ್

ಮರ್ವಿನ್,

ಇದೋ ಕೊನೆಯ ಕಂತು. ನಿನ್ನ ಬಿಳಿ ಪೊಟ್ಟಣಗಳು ಮುಗಿದವು. ನನಗೂ ಸಾಕಾಯಿತು.

ಈ ತಿಂಗಳು ಎರಡು ದಿನ ರಜೆ ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಕಾರ್ಖಾನೆಗೆ ಬೆಂಕಿ ಬಿದ್ದಿತೇನೋ ಎಂಬಂತೆ ಎಲ್ಲರೂ ಮಾತಾಡಿಕೊಂಡರಂತೆ. ಏನೂ ಇಲ್ಲ, ಚಳಿಗಾಲ. ಬೂಟು ಕಾಲಿಗೆ ಏರುವುದಿಲ್ಲ, ತೊಗಲು ಒಣಗಿ ತುರಿಸುತ್ತದೆ, ಕುರಿಮಾಂಸ ಬೇಯಿಸಿದರೆ ತಾಮ್ರದ ಕಾಸು ನೆಕ್ಕಿದ ಹಾಗಿರುತ್ತದೆ. ಕಟುಕನಿಗೆ ಬೈದು ಬಂದೆ.

ಏನಾಯಿತೆಂದು ಬರೆ.

ಎನಿಡ್


ಸಿಡ್ನಿ
19 ಸೆಪ್ಟೆಂಬರ್

ಪ್ರಿಯ ಎನಿಡ್,

ಗೆದ್ದೆ! ಔಷಧದ ಅಂಗಡಿಯವನ ಪಟ್ಟಿಯನ್ನೂ ನಿನ್ನ ಉತ್ತರಗಳನ್ನೂ ಪ್ರೊಫೆಸರರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ಮೂರರ ಪುಡಿ ತಿಂದವರಿಗೆ ಎಷ್ಟು ಗುಣವೋ ಬರಿಯ ಆಸ್ಪಿರಿನ್ ತಿಂದವರಿಗೂ ಅಷ್ಟೇ ಗುಣ. ಕೂದಲೆಳೆಯ ವ್ಯತ್ಯಾಸವಿಲ್ಲ. ಪ್ರೊಫೆಸರರು ಕನ್ನಡಕ ತೆಗೆದು ನನ್ನ ಕೈ ಕುಲುಕಿದರು. ನವೆಂಬರಿನಲ್ಲಿ ಮೆಲ್ಬರ್ನಿನ ವೈದ್ಯರ ಸಭೆಯಲ್ಲಿ ನಾನು ಇದನ್ನು ಓದುತ್ತೇನೆ. ಮೊದಲ ಸಾಲಿನಲ್ಲಿ ಪುಡಿ ಕಂಪೆನಿಯ ಆ ಹಲ್ಲಿನ ಮನುಷ್ಯ ಕೂತಿರುತ್ತಾನೆ. ಅವನ ಬಾಯಿ ಮುಚ್ಚುವುದನ್ನು ಕಣ್ತುಂಬ ನೋಡಬೇಕು.

ನಗು ಬರುವುದು ನಿಮ್ಮ ಹೆಂಗಸರನ್ನು ನೆನೆದರೆ. ಮೂರು ಮದ್ದಿಲ್ಲದೆ ಮಷೀನಿನ ಮುಂದೆ ಕೂರಲಾರೆವು ಎನ್ನುವವರು, ಮೂರು ತಿಂಗಳು ಬರಿಯ ಆಸ್ಪಿರಿನ್ ನುಂಗಿ, ‘ನೋವು ಹೋಯ್ತು’ ಎಂದು ಬರೆಸಿದ್ದಾರೆ. ಸುಣ್ಣ ಕೊಟ್ಟಿದ್ದರೂ ಬೆಣ್ಣೆ ಎಂದು ನೆಕ್ಕುತ್ತಿದ್ದರು. ಇವರ ಮಾತು ನಂಬಿ ಕಂಪೆನಿಗಳು ಅರಮನೆ ಕಟ್ಟಿವೆ.

ನೀನು ತುಂಬಾ ಸಹಾಯ ಮಾಡಿದೆ. ಮೈ ಸರಿಯಿಲ್ಲದಿದ್ದರೆ ಒಂದು ಆಸ್ಪಿರಿನ್ ತಗೊಂಡು ಮಲಗು. ನಲವತ್ತೇಳಕ್ಕೆ ಹೆಂಗಸರಿಗೆ ಇದೆಲ್ಲ ಇದ್ದದ್ದೇ.

ಮರ್ವಿನ್


ಇಪ್ಸ್‌ವಿಚ್
3 ಅಕ್ಟೋಬರ್

ಮರ್ವಿನ್,

ಬಾಯಿ ಮುಚ್ಚಿಕೊಂಡಿರಬೇಕೆಂದಿದ್ದೆ. ನೀನು ಸುಣ್ಣ ಬೆಣ್ಣೆ ಎಂದು ಬರೆಯದೆ ಇದ್ದಿದ್ದರೆ ಇರುತ್ತಿದ್ದೆ. ಸುಣ್ಣ ನೆಕ್ಕಿದವನು ನೀನು.

ಅಮ್ಮ ಪುಡಿ ಹೇಗೆ ತಿನ್ನುತ್ತಿದ್ದಳು, ನೆನಪಿದೆಯೇ? ಇರುವುದಿಲ್ಲ. ಹನ್ನೆರಡಕ್ಕೇ ಸ್ಕಾಲರ್‌ಷಿಪ್ ಸಿಕ್ಕಿ ಬೋರ್ಡಿಂಗ್ ಶಾಲೆಗೆ ಹೋದವನು ನೀನು. ಪೊಟ್ಟಣದ ಕಾಗದವನ್ನು ದೋಣಿಯ ಹಾಗೆ ಮಡಚುವುದು, ತಲೆ ಹಿಂದಕ್ಕೆ ಚೆಲ್ಲುವುದು, ಒಣಪುಡಿಯನ್ನೇ ನಾಲಗೆಯ ಮೇಲೆ ಸುರಿದುಕೊಳ್ಳುವುದು, ಅದು ನಾಲಗೆಯ ಮೇಲೆ ಒಂದಿಷ್ಟು ಕೂತ ಮೇಲೆ ಬಿಸಿ ಟೀ. ಈ ಊರಿನ ಹೆಂಗಸರು ತಿನ್ನುವುದು ಹೀಗೆ. ನೀರಿನಲ್ಲಿ ಕಲಕಿ ಕುಡಿಯುವವಳು ಪಾದ್ರಿಯ ಹೆಂಡತಿ ಒಬ್ಬಳೇ, ಅವಳನ್ನು ಎಲ್ಲರೂ ಆಡಿಕೊಳ್ಳುತ್ತಾರೆ.

ಮೊದಲ ದಿನ ನೀನು ಹೇಳಿದ ಹಾಗೆ ಲೋಟದಲ್ಲಿ ಕಲಕಿ ಇಟ್ಟೆ. ಬೆರಿಲ್ ತನ್ನದನ್ನು ಕಿಟಕಿಯ ಜೆರೇನಿಯಂ ಗಿಡಕ್ಕೆ ಹೊಯ್ದು, ‘ಪಾಪ, ಅದಕ್ಕೂ ತಲೆನೋವು’ ಎಂದಳು. ಎರಡನೆಯ ದಿನದಿಂದ ಪೊಟ್ಟಣವನ್ನೇ ಕೈಗೆ ಕೊಟ್ಟೆ. ಅಲ್ಲಿಗೆ ನಿನ್ನ ಕುರುಡಾಟ ಮುಗಿಯಿತು.

ನೋರೀನ್ ನಾಲಗೆಗೆ ಸುರಿದುಕೊಂಡವಳೇ ಮುಖ ಹಿಂಡಿದಳು. ‘ಥೂ, ಇದು ಬರೀ ಹುಳಿ ಮಿಸ್. ಕಹೀನೇ ಇಲ್ಲ. ಕಹಿ ಇಲ್ದಿದ್ರೆ ಅದೆಂಥಾ ಮದ್ದು?’

‘ನಂದು ಕಹಿ ಐತೆ ಕಣೇ, ನಾನೇ ಅದೃಷ್ಟವಂತೆ’ ಎಂದಳು ಬೆರಿಲ್.

ಟೀ ಬಿಡುವು ಮುಗಿಯುವ ಮೊದಲೇ ಯಾರದು ಹುಳಿ, ಯಾರದು ಕಹಿ ಎಂದು ಅರವತ್ತು ಜನಕ್ಕೂ ಗೊತ್ತಾಗಿತ್ತು. ಕಿವಿ ಕೇಳದವಳಿಗೂ. ಹುಳಿಯವರೆಲ್ಲ ಜೇಬಿನಿಂದ ತಮ್ಮ ಹಳದಿ ಪೊಟ್ಟಣ ತೆಗೆದು ಅದರ ಮೇಲೆ ಇದನ್ನು ಸುರಿದುಕೊಂಡರು. ಪ್ರತಿ ಸಲ, ಮೂರು ತಿಂಗಳೂ. ಜೇಬು ಖಾಲಿಯಾದವರಿಗೆ ನಾನೇ ನನ್ನ ಡಬ್ಬಿಯಿಂದ ಕೊಟ್ಟೆ. ನೋವು ಹೋಗದೆ ಏನು? ನೀನು ಬರಿಯ ಆಸ್ಪಿರಿನ್ನಿನವರು ಎಂದು ಬರೆದುಕೊಂಡವರು ಉಳಿದರ್ಧ ಜನಕ್ಕಿಂತ ಹೆಚ್ಚೇ ತಿಂದಿದ್ದಾರೆ.

ಕೊಟ್ಟೆ ಏಕೆ ಎನ್ನುತ್ತೀಯ. ಹಳದಿ ಪುಡಿ ತಪ್ಪಿದ ದಿನ ನೋರೀನಿಗೆ ಮಧ್ಯಾಹ್ನದೊಳಗೆ ತಲೆ ಸಿಡಿಯುತ್ತದೆ, ಸೂಜಿ ಬೆರಳೊಳಗೆ ಇಳಿಯುತ್ತದೆ. ಕಣ್ಣಾರೆ ನೋಡಿದ್ದೇನೆ. ನಿನ್ನ ಪ್ರೊಫೆಸರರ ಕನ್ನಡಕಕ್ಕಾಗಿ ನಾನು ಅವಳ ಬೆರಳು ಹೊಲಿಸಲಾರೆ. ಹೇಳಲಿಲ್ಲ ಏಕೆ ಎಂದರೆ, ನೀನು ಎಷ್ಟು ದೊಡ್ಡ ಜಾಣ ಎಂದು ನೋಡುವ ಆಸೆ ಇತ್ತು. ನೋಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದೆಯಪ್ಪ.

ಎನಿಡ್


ಸಿಡ್ನಿ
10 ಅಕ್ಟೋಬರ್

ಎನಿಡ್,

ನಿನ್ನ ಕಾಗದವನ್ನು ವಾರ್ಡಿನ ಹೊರಗೆ ನಿಂತು ಓದಿದೆ. ನರ್ಸ್ ಬಂದು ಕುರ್ಚಿ ಬೇಕೇ ಎಂದು ಕೇಳಿದಳು.

ಆರು ತಿಂಗಳ ಕೆಲಸ. ಇಷ್ಟು ಸಣ್ಣ ಮನಸ್ಸು ನಿನ್ನದೆಂದು ತಿಳಿದಿರಲಿಲ್ಲ. ಹೊಟ್ಟೆಕಿಚ್ಚು ಎನ್ನಲೇ? ಓದಿದವನು ನಾನು, ಕಾರ್ಖಾನೆಯಲ್ಲೇ ಉಳಿದವಳು ನೀನು, ಅದರ ಸೇಡನ್ನು ಟೀ ಹೊತ್ತಿನಲ್ಲಿ ತೀರಿಸಿಕೊಂಡೆ. ಒಂದು ಪೊಟ್ಟಣವನ್ನು ನೀರಿಗೆ ಹಾಕಿ ಕಲಕಿಸುವುದೂ ಆಗದ ಮೇಲ್ವಿಚಾರಕಿ! ಆ ಹೆಂಗಸರದ್ದು ಬಿಡು, ಅವರು ಬುದ್ಧಿ ಇಲ್ಲದವರು. ನಿನಗೆ ಬುದ್ಧಿ ಇತ್ತು, ಅದನ್ನು ಇದಕ್ಕೆ ಬಳಸಿದೆ.

ಈಗ ಕೇಳು. ನಾನು ಮೆಲ್ಬರ್ನಿನಲ್ಲಿ ಇದನ್ನು ಓದಿಯೇ ಓದುತ್ತೇನೆ. ಪರೀಕ್ಷೆ ಕೆಟ್ಟಿರಬಹುದು, ಆದರೆ ಸಿದ್ಧಾಂತ ಸರಿಯಾಗಿದೆ. ಫಿನಾಸಿಟಿನ್ ಕೊಲ್ಲುತ್ತದೆ. ಒಂದು ಸುಳ್ಳು ಅಂಕಿಯಿಂದ ನೂರು ಹೆಂಗಸರು ಬದುಕಿದರೆ ಆ ಪಾಪ ನನಗಿರಲಿ. ಜೆರೇನಿಯಂ ಗಿಡದ ಕಥೆ ನಿನ್ನ ನನ್ನ ನಡುವೆಯೇ ಉಳಿಯಬೇಕು. ಇದೊಂದನ್ನಾದರೂ ಹೇಳಿದ ಹಾಗೆ ಮಾಡು.

ಮರ್ವಿನ್


ಬ್ರಿಸ್ಬೇನ್
31 ಅಕ್ಟೋಬರ್

ಮರ್ವಿನ್,

ಊರಿನ ಹೆಸರು ನೋಡು. ಇದು ಆಸ್ಪತ್ರೆಯ ಕಾಗದ. ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಪ್ರೊಫೆಸರರಿಗೆ ತೋರಿಸಬೇಡ.

ನನ್ನ ಡಬ್ಬಿಯಿಂದ ಕೊಟ್ಟೆ ಎಂದು ಬರೆದಿದ್ದೆ. ನನಗೆ ಡಬ್ಬಿ ಏಕೆ ಎಂದು ನೀನು ಕೇಳಲಿಲ್ಲ.

ನಾನು ಬಾಯಾರಿಕೆ ಎಂದೆ, ನೀನು ಟೀ ಕಡಿಮೆ ಮಾಡು ಎಂದೆ. ಹಳದಿಯಾಗಿದ್ದೇನೆ ಎಂದರೆ ಅದಕ್ಕೆ ಉತ್ತರವೇ ಇಲ್ಲ. ಕಾಲು ಊದಿ ಬೂಟು ಏರುವುದಿಲ್ಲ ಎಂದರೆ ನಲವತ್ತೇಳರ ಹೆಂಗಸರಿಗೆ ಇದ್ದದ್ದೇ ಎಂದೆ. ಇವೇ ಮಾತುಗಳನ್ನು ನಿನ್ನ ವಾರ್ಡಿನವಳು ಆಡಿದ್ದರೆ ಅವಳ ಕೈಚೀಲ ಸುರಿಸುತ್ತಿದ್ದೆ. ಅರವತ್ತು ಹೆಂಗಸರನ್ನು ನೋವು ಹೋಯಿತೇ ಎಂದು ನನ್ನ ಕೈಯಲ್ಲಿ ಕೇಳಿಸಿದೆ. ನನ್ನನ್ನು ಕೇಳಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಅಮ್ಮ ನಿನ್ನನ್ನು ನೋಡಿಯೇ ಅನ್ನುತ್ತಿದ್ದಳೇನೋ.

ಹದಿನಾಲ್ಕನೇ ವಯಸ್ಸಿಗೆ ಅಮ್ಮನೇ ನನಗೆ ಅರ್ಧ ಪೊಟ್ಟಣ ಕೊಟ್ಟದ್ದು. ಆವತ್ತು ಕಾರ್ಖಾನೆಯ ಮೊದಲ ದಿನ. ಆಮೇಲೆ ಅರ್ಧ ಒಂದಾಯಿತು. ಮುಂದಿನದನ್ನು ನಾನು ಲೆಕ್ಕ ಇಡಲಿಲ್ಲ.

ಕಳೆದ ವಾರ ಇಸ್ತ್ರಿ ಮೇಜಿನ ಹತ್ತಿರ ಬಿದ್ದೆ. ಬೆರಿಲ್ ಹೊತ್ತುಕೊಂಡು ಹೋದಳಂತೆ, ‘ಮ್ಯಾನೇಜರ್ ಸಾಹೇಬ್ರೇ, ಬಾಗ್ಲು ಬಿಡಿ, ಇಲ್ದಿದ್ರೆ ನಿಮ್ ಮೇಲೇ ಹೋಗ್ತೀವಿ’ ಎಂದು ಕೂಗಿಕೊಂಡು. ಅರವತ್ತು ಮಷೀನೂ ನಿಂತವಂತೆ. ಅದನ್ನು ನಾನು ನೋಡಬೇಕಿತ್ತು.

ಇಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವನು. ಕಿವಿ ದೊಡ್ಡದು. ನಾಡಿ ಹಿಡಿದುಕೊಂಡೇ ಕೇಳಿದ, ‘ದಿನಕ್ಕೆ ಎಷ್ಟು ಪುಡಿ ತಗೋತೀರಿ, ಮಿಸ್ ಪ್ರಾಸರ್?’

ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ, ‘ಎರಡಕ್ಕಿಂತ ಹೆಚ್ಚಿಲ್ಲ, ಡಾಕ್ಟ್ರೇ.’

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ನೀನು ಬರೆದದ್ದು ಅಕ್ಷರ ಅಕ್ಷರವೂ ನೆನಪಿತ್ತು, ಆದರೂ ಬಾಯಿಗೆ ಬಂದದ್ದು ಅದೇ. ಯಾಕೆ ಗೊತ್ತೇ? ಕೇಳುವವನ ಮುಖದಲ್ಲಿ ಉತ್ತರ ಮೊದಲೇ ಬರೆದಿರುತ್ತದೆ. ಸುಳ್ಳುಗಾತಿ ಎಂದು ಹಣೆಗೆ ಅಂಟಿಸಿಯೇ ಪ್ರಶ್ನೆ ಕೇಳುತ್ತೀರಿ. ಅಂಥವರಿಗೆ ನಿಜ ಯಾಕೆ ಕೊಡಬೇಕು?

ಮೂತ್ರಪಿಂಡ ಎರಡೂ ಕೆಟ್ಟಿವೆಯಂತೆ, ಮಿಕ್ಕಷ್ಟಾದರೂ ಉಳಿಯಬೇಕಾದರೆ ಪುಡಿ ಇವತ್ತೇ ನಿಲ್ಲಬೇಕಂತೆ. ನಿಂತರೂ ಉಳಿದೀತು ಎಂಬ ಭರವಸೆ ಇಲ್ಲವಂತೆ.

ಮೆಲ್ಬರ್ನಿನಲ್ಲಿ ಓದುತ್ತೀಯೋ, ಓದು. ಓದಿದರೆ ನಾವಿಬ್ಬರೂ ಸರಿಸಮ. ಈ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ನಿನಗೂ ಜಾಗ ಮಾಡಿಸುತ್ತೇನೆ. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುವವರ ಸಾಲಿನಲ್ಲಿ.

ಎನಿಡ್


ಸಿಡ್ನಿ
5 ನವೆಂಬರ್

ಎನಿಡ್,

ಪ್ರೊಫೆಸರರಿಗೆ ಎಲ್ಲ ಹೇಳಿದೆ, ಜೆರೇನಿಯಂ ಗಿಡವನ್ನೂ ಬಿಡದೆ. ಅವರು ಔಷಧದ ಅಂಗಡಿಯಿಂದ ಎರಡೂ ಥರದ ಪುಡಿ ತರಿಸಿದರು. ಆಮೇಲೆ, ‘ನಮ್ಮಲ್ಲಿ ಒಬ್ಬರಾದ್ರೂ ಆ ಪುಡೀನ ನಾಲಗೆ ಮೇಲೆ ಇಟ್ಟು ನೋಡಿದ್ವಾ, ಪ್ರಾಸರ್?’ ಎಂದರು. ಇಬ್ಬರೂ ಇಟ್ಟು ನೋಡಿದೆವು. ಹುಳಿ ಹುಳಿಯೇ, ಕಹಿ ಕಹಿಯೇ. ಮಗುವಿಗೂ ತಿಳಿಯುತ್ತದೆ. ಮೆಲ್ಬರ್ನಿನಲ್ಲಿ ನಾನು ಓದುವುದು ಇದನ್ನೇ, ಪರೀಕ್ಷೆ ಹೇಗೆ ಕೆಟ್ಟಿತು ಎನ್ನುವುದನ್ನು. ಆ ಹಲ್ಲಿನ ಮನುಷ್ಯ ನಗಲಿ.

ಜುಲೈಯಲ್ಲಿ ಸತ್ತವಳ ಮುಖ ಯಾರದ್ದನ್ನೋ ನೆನಪಿಗೆ ತಂದಿತು ಎಂದು ಬರೆದಿದ್ದೆ. ನಿನ್ನದನ್ನೇ. ಆಗಲೇ ಗೊತ್ತಾಗಿತ್ತು. ನಿದ್ದೆ ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ದಡ್ಡ, ಎನಿಡ್. ದಡ್ಡನಿಗಿಂತ ಕೀಳು.

ಸಭೆ ಮುಗಿದ ದಿನವೇ ಹೊರಟು ಬರುತ್ತೇನೆ. ಅಷ್ಟರೊಳಗೆ ಒಂದು ಪುಡಿಯನ್ನೂ ಮುಟ್ಟಬೇಡ. ತಲೆ ಸಿಡಿಯುತ್ತದೆ, ಸಿಡಿಯಲಿ, ಅದು ಕೆಲವು ದಿನದಲ್ಲಿ ಇಳಿಯುತ್ತದೆ.

ಕೈಚೀಲ ಸುರಿಸುವುದಿಲ್ಲ. ಉತ್ತರ ನನಗೆ ಗೊತ್ತಿಲ್ಲ. ಕೇಳುತ್ತಿದ್ದೇನೆ. ದಿನಕ್ಕೆ ಎಷ್ಟು?

ಮರ್ವಿನ್


ಬ್ರಿಸ್ಬೇನ್
14 ನವೆಂಬರ್

ಮರ್ವಿನ್,

ತಲೆ ಸಿಡಿಯುತ್ತದೆ ಎಂದು ಬರೆದೆಯಲ್ಲ, ಬರೆಯುವುದು ಸುಲಭ. ಮೊದಲ ವಾರ ಗೋಡೆಗೆ ಹಣೆ ಒತ್ತಿಕೊಂಡು ನಿನ್ನನ್ನೂ ನಿನ್ನ ಕಾಲೇಜನ್ನೂ ಬೈದೆ. ಪಕ್ಕದ ಹಾಸಿಗೆಯವಳು ಮಕ್ಕಳಿಗೆ ಕೇಳಿಸಬಾರದೆಂದು ಅವರನ್ನು ಹೊರಗೆ ಕಳಿಸಿದಳು. ನಿನ್ನೆಯಿಂದ ಸ್ವಲ್ಪ ಇಳಿದಿದೆ. ದೊಡ್ಡ ಕಿವಿಯವನು ರಕ್ತ ನೋಡಿ, ಕೆಟ್ಟದ್ದು ಇನ್ನಷ್ಟು ಕೆಡುತ್ತಿಲ್ಲ ಎಂದ. ಸರಿಯಾಗಿದೆ ಎನ್ನಲು ಅವನಿಗೆ ಧೈರ್ಯವಿಲ್ಲ.

ಭಾನುವಾರ ಬೆರಿಲ್, ನೋರೀನ್ ಇಬ್ಬರೂ ಬಂದಿದ್ದರು, ಲ್ಯಾಮಿಂಗ್ಟನ್ ಕೇಕು ತಗೊಂಡು. ನನ್ನ ಮೂತ್ರಪಿಂಡದ ವಿಷಯ ಮುಚ್ಚಿಡದೆ ಹೇಳಿದೆ. ಬೆರಿಲ್ ಕೈಯಲ್ಲಿದ್ದ ಕೇಕನ್ನು ತಟ್ಟೆಗೆ ಇಟ್ಟುಬಿಟ್ಟಳು. ನೋರೀನ್ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಹಿಂದಿರುಗಿ ಬಂದು ತನ್ನ ಕೈಚೀಲ ತಾನೇ ತೆರೆದು, ಪೊಟ್ಟಣಗಳನ್ನೆಲ್ಲ ನನ್ನ ಹೊದಿಕೆಯ ಮೇಲೆ ಸುರಿದಳು. ಯಾರೂ ಸುರಿಸಲಿಲ್ಲ. ‘ನಾನೂ ಸುಳ್ಳು ಹೇಳಿದೀನಿ ಮಿಸ್, ನಮ್ಮನೆಯವ್ರಿಗೆ’ ಎಂದಳು.

‘ನಿಮ್ ತಮ್ಮಂಗೆ ಹೇಳಿ, ಇನ್ನೊಂದ್ಸಲ ಪರೀಕ್ಷೆ ಮಾಡೋದಾದ್ರೆ ನಾವ್ ಬರ್ತೀವಿ’ ಎಂದಳು ಬೆರಿಲ್ ಹೋಗುವಾಗ. ‘ಈ ಸಲ ಮೂಗು ಹಿಡ್ಕೊಂಡು ನೀರಲ್ಲೇ ಕುಡೀತೀವಿ. ಆದ್ರೆ ಅವರೂ ನಮ್ ಜೊತೆ ಕೂತು ಕುಡೀಬೇಕು.’

ಬರುವಾಗ ಹೂವು ಹಣ್ಣು ತರಬೇಡ, ಪುಡಿ ಕಂಪೆನಿಯವನ ಬುಟ್ಟಿ ನೆನಪಾಗುತ್ತದೆ. ಬಂದು ಕುರ್ಚಿ ಎಳೆದು ಕೂತುಕೋ, ಅಷ್ಟು ಸಾಕು. ಬೈಗುಳ ಇನ್ನೂ ಇವೆ, ಎದುರಿಗೇ ಕೊಡುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ದಿನಕ್ಕೆ ಹನ್ನೆರಡು. ಕಾಲರಿನ ಕೆಲಸ ಹೆಚ್ಚಿದ್ದ ದಿನ ಹದಿನಾಲ್ಕು. ನಮ್ಮ ಕಾರ್ಖಾನೆಯಿಂದ ನಿನಗೆ ಸಿಕ್ಕಿದ ಮೊದಲ ನಿಜವಾದ ಉತ್ತರ ಇದು, ಡಾಕ್ಟ್ರೇ. ಬರೆದುಕೋ.

ಎನಿಡ್